ಆಟಿಸಂ ಇರುವ ಮಕ್ಕಳಿಗೆ ಈಜುಕೊಳದಲ್ಲಿ ಒಂದು ಗಂಟೆ ಕೊಡಿ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಹತ್ತಿರವಾದಂತೆ ಮಕ್ಕಳ ಈಜು ಶಿಬಿರಗಳ ಪ್ರಕಟಣೆಗಳು ಪತ್ರಿಕೆಗಳಲ್ಲಿ ಬರತೊಡಗಿವೆ. ಐದು ವರ್ಷ ಮೇಲ್ಪಟ್ಟವರು ಸೇರಬಹುದು, ಈಜುಟೋಪಿ ಕಡ್ಡಾಯ, ತರಬೇತುದಾರರ ಸೂಚನೆ ಪಾಲಿಸುವುದು ಕಡ್ಡಾಯ ಎಂಬ ಮೂರು ಸಾಲುಗಳನ್ನು ಓದುವಾಗ ಹೆಚ್ಚಿನ ಪೋಷಕರಿಗೆ ಏನೂ ಅನ್ನಿಸಲಾರದು. ಆದರೆ ಆ ಮೂರರಲ್ಲಿ ಕೊನೆಯ ಎರಡರಿಂದಾಗಿಯೇ ನನ್ನ ಮೊಮ್ಮಗ ಎರಡು ಬೇಸಿಗೆ ಕೊಳದ ಹೊರಗೆ ಉಳಿದ. ಅವನಿಗೀಗ ಒಂಬತ್ತು ವರ್ಷ. ಮೂರೂವರೆ ವರ್ಷದವನಿದ್ದಾಗ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ, ಅವನಿಗೆ ಆಟಿಸಂ ಅಂದರೆ ಸ್ವಲೀನತೆ ಇದೆಯೆಂದು ತಿಳಿಯಿತು. ಅವನಂಥ ಮಕ್ಕಳಿಗೂ ನೀರಿಗೂ ಇರುವ ನಂಟಿನ ಬಗ್ಗೆ, ಆ ನಂಟು ನಮ್ಮ ಕೊಡಗಿನಂಥ ಕೆರೆ, ತೋಡು, ಹೊಳೆಗಳ ಜಿಲ್ಲೆಯಲ್ಲಿ ಎಷ್ಟು ಅಪಾಯಕಾರಿ ಮತ್ತು ಎಷ್ಟು ಉಪಕಾರಿ ಎಂಬುದರ ಬಗ್ಗೆ ನಾಲ್ಕು ಮಾತು ಬರೆಯುವ ಉದ್ದೇಶದಿಂದ ಈ ಪತ್ರ. ಸ್ವಲ್ಪ ದೀರ್ಘವಾಗಬಹುದು, ಕ್ಷಮಿಸಬೇಕು.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ಮೂವತ್ತೊಂದು ವರ್ಷ ಸರ್ಕಾರಿ ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಕನಾಗಿದ್ದವನು ನಾನು. ಕಾವೇರಿಯ ಗುಂಡಿಗಳಲ್ಲಿ ಹುಡುಗರಿಗೆ ಈಜು ಕಲಿಸಿದ ಹೆಮ್ಮೆ ನನಗೆ ಬಹಳ ಕಾಲ ಇತ್ತು. ಎರಡು ದಿನ ಸೊಂಟಕ್ಕೆ ಬಾಳೆದಿಂಡು ಕಟ್ಟಿ ಬಿಡುವುದು, ಮೂರನೆಯ ದಿನ ದಿಂಡು ಬಿಚ್ಚಿ ಹಿಂದಿನಿಂದ ತಳ್ಳುವುದು, ಇದೇ ನಮ್ಮ ಪಾಠಕ್ರಮ. ನೂರಾರು ಹುಡುಗರು ಹಾಗೆಯೇ ಕಲಿತರು. ತಳ್ಳಿಸಿಕೊಂಡ ಮೇಲೆ ನೀರಿನ ಕಡೆ ಮತ್ತೆಂದೂ ತಲೆಹಾಕದವರೂ ಕೆಲವರಿದ್ದರು. ಅವರನ್ನು ಪುಕ್ಕಲರ ಲೆಕ್ಕಕ್ಕೆ ಸೇರಿಸಿ ಮರೆತುಬಿಟ್ಟಿದ್ದೆ. ಅವರಲ್ಲಿ ಒಬ್ಬ ಹುಡುಗ ಸದಾ ಕಿವಿ ಮುಚ್ಚಿಕೊಂಡೇ ಪಿರಿಯಡ್ಡಿಗೆ ಬರುತ್ತಿದ್ದುದು, ಬೇರೆಯವರು ಮುಟ್ಟಿದರೆ ಬೆಂಕಿ ತಾಗಿದಂತೆ ಹಾರುತ್ತಿದ್ದುದು ಈಗ, ಈ ವಯಸ್ಸಿನಲ್ಲಿ, ನೆನಪಾಗುತ್ತದೆ.

ಮೂರು ವರ್ಷದ ಹಿಂದೆ ಫೆಬ್ರವರಿ ಕೊನೆಯಲ್ಲಿ ಕಾಫಿ ಹೂಬಿಡಲು ಬೇಕಾದ ಹೂಮಳೆ ಬಾರದೆ, ರೋಬಸ್ಟಾ ಕಾಫಿ ಗಿಡಗಳಿಗೆ ಸ್ಪ್ರಿಂಕ್ಲರ್ ಹಾಕಿದ್ದೆವು. ಮನೆಯವರೆಲ್ಲ ಪೈಪು ಬದಲಿಸುವ ಗಡಿಬಿಡಿಯಲ್ಲಿದ್ದಾಗ, ಜಗಲಿಯಲ್ಲಿ ಬಕೆಟ್ಟು ಚೊಂಬು ಹಿಡಿದು ಆಡುತ್ತಿದ್ದ ಹುಡುಗ ಕಾಣಲಿಲ್ಲ. ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ. ಕಣದಲ್ಲಿ ಹುಡುಕಿದೆವು, ಕೊಟ್ಟಿಗೆಯಲ್ಲಿ ಹುಡುಕಿದೆವು, ರಸ್ತೆಯವರೆಗೆ ಓಡಿ ನೋಡಿದೆವು. ಅವನು ಇದ್ದದ್ದು ತೋಟದ ಕೆರೆಯಲ್ಲಿ, ಏರಿಯ ಕೆಳಗೆ, ಮೋಟಾರಿನ ಪೈಪು ನೀರಿಗಿಳಿಯುವ ಜಾಗದಲ್ಲಿ. ಕುಕ್ಕರಗಾಲಲ್ಲಿ ಕೂತು, ಎರಡೂ ಅಂಗೈಗಳನ್ನು ನೀರಿನ ಮೇಲೆ, ದೋಸೆಕಾವಲಿ ಕಾದಿದೆಯೇ ಎಂದು ನೋಡುವವರಂತೆ, ತಾಗಿಯೂ ತಾಗದ ಹಾಗೆ ಹಿಡಿದಿದ್ದ. ಅಲ್ಲಿ ನೀರಿನ ಆಳ ಹನ್ನೆರಡು ಅಡಿ. ನಾನು ಕೂಗಲು ಬಾಯಿ ತೆರೆದಿದ್ದೆ. ನಮ್ಮ ತೋಟದ ಕೆಲಸಕ್ಕೆ ಬರುವ ಹೆಂಗಸೊಬ್ಬರು ಕೈಸನ್ನೆಯಲ್ಲಿ ನನ್ನನ್ನು ತಡೆದು, ಸದ್ದಿಲ್ಲದೆ ಇಳಿದುಹೋಗಿ, ಅವನ ಪಕ್ಕದಲ್ಲಿ ಅವನಂತೆಯೇ ಕೂತು, ಮೆಲ್ಲಗೆ ಅವನ ಸೊಂಟ ಹಿಡಿದರು. ಕೂಗಿದ್ದರೆ ಗಾಬರಿಯಲ್ಲಿ ಅವನು ಯಾವ ಕಡೆಗೆ ಹೋಗುತ್ತಿದ್ದನೋ. ಆ ಬುದ್ಧಿ, ಅಷ್ಟು ವರ್ಷ ಮಕ್ಕಳ ಜೊತೆಗೇ ಇದ್ದ ನನಗೆ ಹೊಳೆಯಲಿಲ್ಲ.

ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. 2012ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆಟಿಸಂ ಇರುವ ಮಕ್ಕಳ ಪೈಕಿ ಶೇಕಡಾ 49ರಷ್ಟು ಮಂದಿ ನಾಲ್ಕು ವರ್ಷ ಕಳೆದ ಮೇಲೆ ಒಮ್ಮೆಯಾದರೂ ಹೇಳದೆ ಕೇಳದೆ ಹೊರಟುಹೋಗಲು ಯತ್ನಿಸಿದವರು ಎಂದು ಪೋಷಕರು ತಿಳಿಸಿದ್ದರು. ಹಾಗೆ ಆತಂಕವಾಗುವಷ್ಟು ಹೊತ್ತು ಕಾಣೆಯಾಗಿದ್ದವರ ವಿಷಯದಲ್ಲಿ, ಸುಮಾರು ನಾಲ್ಕರಲ್ಲಿ ಒಂದು ಮಗು ಮುಳುಗುವ ಅಪಾಯದ ಸಮೀಪ ಹೋಗಿತ್ತು. ಕೊಲಂಬಿಯಾ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 1999ರಿಂದ 2014ರವರೆಗಿನ ಮರಣ ದಾಖಲೆಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಲೆಕ್ಕ ಇನ್ನೂ ಕಠೋರವಾಗಿದೆ: ಹದಿನೈದು ವರ್ಷದೊಳಗಿನ ಆಟಿಸಂ ಮಕ್ಕಳು ನೀರಿನಲ್ಲಿ ಮುಳುಗಿ ಸಾಯುವ ಸಂಭವ ಇತರ ಮಕ್ಕಳಿಗಿಂತ 160 ಪಟ್ಟು ಹೆಚ್ಚು. ಇವು ಅಮೆರಿಕದ ಅಂಕಿಗಳು, ನಿಜ. ಆದರೆ ಅಲ್ಲಿ ಮನೆಯ ಹಿತ್ತಲಿನ ಈಜುಕೊಳಕ್ಕೂ ಬೇಲಿ ಹಾಕಿಸಬೇಕೆಂಬ ನಿಯಮ ಅನೇಕ ಕಡೆ ಇದೆ. ನಮ್ಮಲ್ಲಿ ತೋಟಕ್ಕೊಂದು ಕೆರೆ, ಕೆಲವು ತೋಟಗಳಲ್ಲಿ ಎರಡು, ಪಾಲಿಥೀನ್ ಹಾಳೆ ಹಾಸಿದ ಕೃಷಿಹೊಂಡ ಬೇರೆ. ಹಾಳೆಯ ಮೇಲೆ ಪಾಚಿ ಕಟ್ಟಿದರೆ ಈಜು ಬಲ್ಲ ದೊಡ್ಡವರೇ ಹತ್ತಿ ಬರಲಾರರು. ಆನೆ ಬರುತ್ತದೆಂದು ತೋಟದ ಸುತ್ತ ಸೋಲಾರ್ ಬೇಲಿ ಹಾಕಿಸುವ ನಾವು ಕೆರೆಯ ಸುತ್ತ ನಾಲ್ಕು ಕಂಬ ನೆಡುವುದಿಲ್ಲ.

ಈ ಮಕ್ಕಳು ನೀರಿನ ಕಡೆಗೇ ಏಕೆ ಹೋಗುತ್ತಾರೆ ಎಂದು ನಾನು ಹಲವರನ್ನು ಕೇಳಿದ್ದೇನೆ. ಥೆರಪಿಸ್ಟರಿಂದ ಕೇಳಿ ತಿಳಿದದ್ದನ್ನೂ ಓದಿ ತಿಳಿದದ್ದನ್ನೂ ಕೂಡಿಸಿ ನನಗೆ ಅರ್ಥವಾದಷ್ಟನ್ನು ಹೇಳುತ್ತೇನೆ. ಆಟಿಸಂ ಎಂದರೆ ಮಾತು ತಡವಾಗುವುದು, ಕಣ್ಣಿಟ್ಟು ನೋಡದಿರುವುದು ಎಂದಷ್ಟೇ ಜನರಿಗೆ ಗೊತ್ತು. ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಈ ಸ್ಥಿತಿಯನ್ನು ಮೊದಲು ವಿವರಿಸಿದಾಗಲೇ ದೊಡ್ಡ ಸದ್ದಿಗೆ ಬೆದರುವ ಮಕ್ಕಳ ಪ್ರಸ್ತಾಪ ಇತ್ತಾದರೂ, ಇಂದ್ರಿಯಗಳ ಅತಿಸೂಕ್ಷ್ಮತೆ ಅಥವಾ ಮಂದತೆಯನ್ನು ಆಟಿಸಂ ಗುರುತಿಸುವ ಲಕ್ಷಣಗಳ ಪಟ್ಟಿಗೆ ಅಮೆರಿಕದ ಮನೋವೈದ್ಯರ ಸಂಘ ಸೇರಿಸಿದ್ದು 2013ರ ಪರಿಷ್ಕರಣೆಯಲ್ಲಿ. ಒಂದೇ ಮಗುವಿನಲ್ಲಿ ಎರಡೂ ಇರಬಹುದು. ನಮ್ಮ ಹುಡುಗನಿಗೆ ಮಿಕ್ಸಿಯ ಸದ್ದು ಆಗದು, ಅಂಗಿಯ ಕಾಲರಿನ ಲೇಬಲ್ ಆಗದು. ಆದರೆ ಜೂನ್ ತಿಂಗಳ ಮಳೆಯಲ್ಲಿ ಬರಿಮೈಯಲ್ಲಿ ನಿಂತರೂ ಚಳಿಯೆನ್ನುವುದಿಲ್ಲ, ಮೊಣಕಾಲು ತರಚಿದರೂ ಅಳುವುದಿಲ್ಲ. ಕಣ್ಣು, ಕಿವಿ, ಮೂಗು, ನಾಲಗೆ, ಚರ್ಮಗಳ ಜೊತೆಗೆ ಮೈಯ ಸಮತೋಲವನ್ನು ತಿಳಿಸುವ ಒಳಗಿವಿಯ ಅರಿವು, ಕೈಕಾಲು ಎಲ್ಲಿದೆ ಎಂಬುದನ್ನು ತಿಳಿಸುವ ಸ್ನಾಯು ಮತ್ತು ಕೀಲುಗಳ ಅರಿವು ಎಂಬ ಇನ್ನೆರಡಿವೆ. ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ (ನಿತ್ಯದ ಕೆಲಸಗಳನ್ನು ಮಾಡಿಕೊಳ್ಳಲು ಅಭ್ಯಾಸ ಕೊಡುವ ಚಿಕಿತ್ಸಕರು) ಜೀನ್ ಏರ್ಸ್ ಎಂಬವರು 1972ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒತ್ತಿ ಹೇಳಿದ್ದು ಈ ಎರಡನ್ನೂ ಸ್ಪರ್ಶವನ್ನೂ ಕುರಿತೇ. ತಮ್ಮ ಮೈ ಎಲ್ಲಿ ಮುಗಿದು ಹೊರಗಿನದು ಎಲ್ಲಿ ಆರಂಭವಾಗುತ್ತದೆ ಎಂಬುದು ಸ್ಪಷ್ಟವಾಗದ ಮಕ್ಕಳು ಸೋಫಾದ ಸಂದಿಗೆ ನುಸುಳುತ್ತಾರೆ, ಹಾಸಿಗೆಯಡಿ ಮಲಗುತ್ತಾರೆ, ಗೋಡೆಗೆ ಒತ್ತಿಕೊಂಡು ನಡೆಯುತ್ತಾರೆ.

ನೀರು ಆ ಒತ್ತನ್ನು ಏಕಕಾಲಕ್ಕೆ ಎಲ್ಲ ಕಡೆಯಿಂದ ಕೊಡುತ್ತದೆ. ಒಂದು ಮೀಟರ್ ಆಳದಲ್ಲಿ ಚರ್ಮದ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 100 ಗ್ರಾಂನಷ್ಟು ನೀರಿನ ಭಾರ ಬೀಳುತ್ತದೆ. ಇನ್ನೂ ಇಳಿದರೆ ಇನ್ನೂ ಹೆಚ್ಚು. ಈ ಒತ್ತು ಮನುಷ್ಯರ ಅಪ್ಪುಗೆಯಂತೆ ದಿಢೀರನೆ ಬಂದು ಹೋಗುವಂಥದ್ದಲ್ಲ, ಎಷ್ಟು ಬೇಕೋ ಅಷ್ಟು ಆಳಕ್ಕೆ ಇಳಿದು ಮಗು ತಾನೇ ಅಳೆದುಕೊಳ್ಳಬಹುದಾದದ್ದು. ಟೆಂಪಲ್ ಗ್ರಾಂಡಿನ್ ಎಂಬ, ಸ್ವತಃ ಆಟಿಸಂ ಇರುವ ಅಮೆರಿಕದ ಪಶುವಿಜ್ಞಾನಿ, ಹದಿಹರೆಯದಲ್ಲಿ ದನಗಳನ್ನು ಹಿಡಿದು ನಿಲ್ಲಿಸುವ ಚೌಕಟ್ಟನ್ನು ನೋಡಿ ತಮಗಾಗಿ ಒತ್ತುಯಂತ್ರವೊಂದನ್ನು ಮಾಡಿಕೊಂಡಿದ್ದರು. ಬೇರೆಯವರ ಅಪ್ಪುಗೆ ಸಹಿಸಲಾಗದ ಅವರಿಗೆ ಆ ಯಂತ್ರ ಹಿತವಾದದ್ದು, ಅದರ ಹಿಡಿ ಅವರ ಕೈಯಲ್ಲೇ ಇದ್ದುದರಿಂದ. ನೀರೂ ಹಾಗೆಯೇ. ಕುತ್ತಿಗೆ ಮಟ್ಟದ ನೀರಿನಲ್ಲಿ ಕಾಲಿನ ಮೇಲೆ ಉಳಿಯುವುದು ಮೈಭಾರದ ಹತ್ತನೆಯ ಒಂದು ಭಾಗದಷ್ಟೇ. ಹೀಗಾಗಿ ನೆಲದಲ್ಲಿ ಎಡವುವ ಮಗುವಿಗೂ ಬೀಳುವ ಹೆದರಿಕೆ ಕಡಿಮೆ. ಕೈ ಬೀಸಿದರೆ ನೀರು ತಡೆಯುವುದರಿಂದ ತನ್ನ ಕೈ ಎಲ್ಲಿದೆ ಎಂದು ಅದಕ್ಕೆ ತಿಳಿಯುತ್ತದೆ. ತಲೆ ಮುಳುಗಿಸಿದರೆ ಹೊರಗಿನ ಗದ್ದಲ ನಿಂತೇಹೋಗುತ್ತದೆ, ಏಕೆಂದರೆ ಗಾಳಿಯಲ್ಲಿ ಬರುವ ಸದ್ದು ನೀರಿನ ಮೇಲ್ಮೈಯಲ್ಲೇ ಹೆಚ್ಚುಕಡಿಮೆ ಪೂರ್ತಿ ಹಿಂದಕ್ಕೆ ಮರಳುತ್ತದೆ. ತಗಡಿನ ಮಾಡಿನ ಮೇಲೆ ಮಳೆ ಹೊಯ್ದರೆ ಕಂಬಳಿಯೊಳಗೆ ಸೇರುವ ನಮ್ಮ ಹುಡುಗ, ನೀರಿನೊಳಗೆ ಕಣ್ಣು ಬಿಟ್ಟು ನಗುವುದನ್ನು ನಾನು ಕಂಡಿದ್ದೇನೆ.

ಇಷ್ಟೆಲ್ಲ ಇದ್ದೂ ಈಜುಕೊಳ ಎಂದರೆ ಬರೀ ನೀರಲ್ಲ ಎಂಬುದನ್ನು ಮೊದಲ ದಿನವೇ ಕಲಿತೆವು. ಜಿಲ್ಲೆಯ ಒಂದು ಈಜುಕೊಳಕ್ಕೆ (ಹೆಸರು ಬೇಡ, ಯಾರನ್ನೂ ದೂರುವುದು ನನ್ನ ಉದ್ದೇಶವಲ್ಲ) ಶಿಬಿರದ ಮೊದಲ ದಿನ ಕರೆದುಕೊಂಡು ಹೋಗಿದ್ದೆವು. ಬಾಗಿಲಲ್ಲೇ ಮೂಗಿಗೆ ಹೊಡೆಯುವ ವಾಸನೆ. ಅದನ್ನು ಕ್ಲೋರಿನ್ ವಾಸನೆ ಎನ್ನುತ್ತೇವೆ. ವಾಸ್ತವದಲ್ಲಿ ಕ್ಲೋರಿನ್ ಈಜುವವರ ಬೆವರು, ಮೂತ್ರಗಳ ಜೊತೆ ಸೇರಿದಾಗ ಹುಟ್ಟುವ ಕ್ಲೋರಮೈನ್‌ಗಳ ವಾಸನೆ ಅದು, ಸ್ನಾನ ಮಾಡದೆ ನೀರಿಗಿಳಿಯುವ ನಮ್ಮದೇ ಕೊಡುಗೆ. ನೀರಿಗಿಳಿಯುವ ಮೊದಲು ಷವರಿನ ಕೆಳಗೆ ನಿಲ್ಲಬೇಕು. ಅದರ ನೂರು ಎಳೆಗಳು ಇವನ ಬೆನ್ನಿಗೆ ನೂರು ಸೂಜಿ. ಅನಂತರ ರಬ್ಬರಿನ ಟೋಪಿ, ಕೂದಲನ್ನೆಲ್ಲ ಹಿಡಿದೆಳೆಯುವಂಥದ್ದು. ನಲವತ್ತು ಮಕ್ಕಳ ಕೂಗಾಟ ಮಾಡಿಗೆ ಬಡಿದು ಇಮ್ಮಡಿಯಾಗಿ ಬರುತ್ತಿತ್ತು. ಇದೆಲ್ಲವನ್ನೂ ದಾಟಿ ಅವನು ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟದ್ದೇ ದೊಡ್ಡದು ಎಂದುಕೊಳ್ಳುತ್ತಿರುವಾಗ ತರಬೇತುದಾರರು ವಿಸಿಲ್ ಊದಿದರು. ಹುಡುಗ ಟೋಪಿ ಕಿತ್ತೆಸೆದು, ಎರಡೂ ಕಿವಿ ಮುಚ್ಚಿ, ಒದ್ದೆ ನೆಲದ ಮೇಲೆ ಉರುಳಿ ಚೀರಿದ. ಅದನ್ನು ಹಠ ಎಂದರು. ತರಬೇತುದಾರರು ರಟ್ಟೆ ಹಿಡಿದೆತ್ತಿದಾಗ ಕಚ್ಚಿದ. ಮರುದಿನ ಫೋನ್ ಮಾಡಿ, ಉಳಿದ ಪೋಷಕರು ಆಕ್ಷೇಪಿಸುತ್ತಿದ್ದಾರೆ, ಶುಲ್ಕ ವಾಪಸ್ ಕೊಡುತ್ತೇವೆ ಎಂದು ಸೌಜನ್ಯದಿಂದಲೇ ಹೇಳಿದರು. ಅವರ ಜಾಗದಲ್ಲಿ ಇಪ್ಪತ್ತು ವರ್ಷದ ಹಿಂದಿನ ನಾನಿದ್ದರೆ ಅಷ್ಟು ಸೌಜನ್ಯವೂ ಇರುತ್ತಿರಲಿಲ್ಲ.

ಅದರ ಮುಂದಿನ ವರ್ಷ, ಪರಿಚಯದ ಒಬ್ಬರು ತಮ್ಮ ಹೋಂಸ್ಟೇಯ ಚಿಕ್ಕ ಕೊಳವನ್ನು ಅತಿಥಿಗಳಿಲ್ಲದ ದಿನಗಳಲ್ಲಿ ಬಳಸಲು ಬಿಟ್ಟರು. ಅಲ್ಲಿ ಹೊಸದಾಗಿ ಕಲಿತವನು ಹುಡುಗನಿಗಿಂತ ಹೆಚ್ಚಾಗಿ ನಾನು. ರಬ್ಬರಿನ ಟೋಪಿಯ ಬದಲು ಮೆತ್ತನೆಯ ಬಟ್ಟೆಯ ಟೋಪಿ ತಂದು, ಮನೆಯಲ್ಲಿ ಸಂಜೆ ತಿಂಡಿಯ ಹೊತ್ತಿಗೆ, ಮೊದಲ ದಿನ ಅವನ ಮೊಣಕಾಲಿಗೆ, ಆಮೇಲೆ ಮುಂಗೈಗೆ, ಹತ್ತನೆಯ ದಿನ ತಲೆಗೆ ಹಾಕಿದೆವು. ಷವರಿನ ಕೆಲಸಕ್ಕೆ ನಮ್ಮ ಬಚ್ಚಲಿನ ಹಿತ್ತಾಳೆ ಚೊಂಬನ್ನೇ ಒಯ್ದೆ. ಹಂಡೆಯ ನೀರನ್ನು ಅದೇ ಚೊಂಬಿನಲ್ಲಿ ಹೆಗಲ ಮೇಲಿಂದ ಸುರಿಸಿಕೊಳ್ಳುವುದು ಅವನಿಗೆ ಹುಟ್ಟಿನಿಂದ ಅಭ್ಯಾಸ. ಹೊಸ ಜಾಗದಲ್ಲಿ ಹಳೆಯ ಚೊಂಬು ಕಂಡದ್ದೇ ಅರ್ಧ ಧೈರ್ಯ ಬಂತು. ಹೇಳದೆ ಮುಟ್ಟಬಾರದು, ಮುಟ್ಟಿದರೆ ಗಟ್ಟಿಯಾಗಿ ಹಿಡಿಯಬೇಕು, ಗರಿ ತಾಗಿದಂತೆ ಸವರಬಾರದು ಎಂಬುದು ಥೆರಪಿಸ್ಟ್ ಹೇಳಿಕೊಟ್ಟ ಪಾಠ. ನಾವು ಮೆಲ್ಲಗೆ ಮುಟ್ಟುವುದನ್ನು ಪ್ರೀತಿ ಎಂದುಕೊಳ್ಳುತ್ತೇವೆ, ಇಂಥ ಅನೇಕ ಮಕ್ಕಳಿಗೆ ಅದೇ ಹಿಂಸೆ.

ಮಾತಿನ ವಿಷಯವನ್ನೂ ಹೇಳಬೇಕು. ನಮ್ಮ ಮನೆಯಲ್ಲಿ ಅರೆಭಾಷೆ, ಶಾಲೆಯಲ್ಲಿ ಇಂಗ್ಲಿಷ್, ಥೆರಪಿಯಲ್ಲಿ ಕನ್ನಡ, ಶಿಬಿರದ ತರಬೇತುದಾರರು ಹೇಳಿದ್ದು ಹಿಂದಿಯಲ್ಲಿ. ಕೊಡಗಿನ ಮಕ್ಕಳು ಇಷ್ಟನ್ನೂ ಲೀಲಾಜಾಲವಾಗಿ ನಿಭಾಯಿಸುತ್ತಾರೆಂದು ನಾವು ಹೆಮ್ಮೆಪಡುವುದುಂಟು. ಇವನಿಗೆ ಮಾತ್ರ ನೀರಿನ ಹತ್ತಿರ ಮೂರೇ ಪದ ಇಟ್ಟೆವು: ನಿಲ್ಲು, ಹಿಡಿ, ತಿರುಗು. ಎಷ್ಟು ಸುತ್ತು ಬಾಕಿ ಎಂದು ತಿಳಿಸಲು ಕೊಳದ ಪಕ್ಕದ ಹಗ್ಗಕ್ಕೆ ಬಟ್ಟೆ ಒಣಹಾಕುವ ಐದು ಕ್ಲಿಪ್ಪು ಸಿಕ್ಕಿಸಿ, ಒಂದು ಸುತ್ತಿಗೆ ಒಂದರಂತೆ ಅವನ ಕೈಯಿಂದಲೇ ತೆಗೆಸುತ್ತಿದ್ದೆ. ನೀರಿಗಿಳಿಸುವುದಕ್ಕಿಂತ ನೀರಿನಿಂದ ಎಬ್ಬಿಸುವುದೇ ಕಷ್ಟದ ಕೆಲಸ. ಕೊನೆಯ ಕ್ಲಿಪ್ಪು ಬಂದ ಮೇಲೆ ಅವನೇ ಮೆಟ್ಟಿಲಿನ ಕಡೆ ನಡೆಯತೊಡಗಿದ್ದು ಆರನೆಯ ವಾರದಲ್ಲಿ. ಅಂಗಾತ ತೇಲುವುದು ಇಂದಿಗೂ ಪೂರ್ತಿ ಬಂದಿಲ್ಲ. ತಲೆ ಹಿಂದಕ್ಕೆ ವಾಲಿದಾಗ ಒಳಗಿವಿಯ ಸಮತೋಲ ತಪ್ಪಿದಂತಾಗಿ ಅವನು ನನ್ನ ಕುತ್ತಿಗೆಯನ್ನು ಎರಡೂ ಕೈಯಲ್ಲಿ ಹಿಡಿಯುತ್ತಾನೆ. ನಾನೂ ಅವಸರ ಮಾಡುವುದಿಲ್ಲ. ಬೇರೆ ಯಾರ ಕುತ್ತಿಗೆಯನ್ನೂ ಅವನು ಹಾಗೆ ಹಿಡಿದದ್ದನ್ನು ನಾನು ನೋಡಿಲ್ಲ.

ನಮ್ಮ ಹವೆಯಲ್ಲಿ ಇನ್ನೊಂದು ತೊಡಕಿದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಈಜು ಸ್ಪರ್ಧೆಗಳ ಕೊಳದಲ್ಲಿ ನೀರು 25ರಿಂದ 28 ಡಿಗ್ರಿ ಇದ್ದರೆ ಸಾಕು, ಅಲ್ಲಿ ಮೈ ಬಿಸಿಯಾಗುವಷ್ಟು ಈಜುತ್ತಾರೆ. ಥೆರಪಿಯ ಕೊಳಗಳಲ್ಲಿ 32 ಡಿಗ್ರಿಗೂ ಮೇಲಿರಿಸುವುದು ರೂಢಿ. ಡಿಸೆಂಬರಿನ ಮಡಿಕೇರಿಯಲ್ಲಿ ತೆರೆದ ಕೊಳದ ನೀರು ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಚಳಿಯಾಗುತ್ತಿದೆ ಎಂದು ಹೇಳದ, ಕೆಲವೊಮ್ಮೆ ಹಾಗೆ ಅನ್ನಿಸದಿರುವ ಮಗುವಿನ ತುಟಿಯ ಬಣ್ಣವನ್ನು ದೊಡ್ಡವರೇ ನೋಡುತ್ತಿರಬೇಕು. ನಾವು ಇಪ್ಪತ್ತು ನಿಮಿಷಕ್ಕೆ ಮುಗಿಸುತ್ತೇವೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ನೀರಿನ ಚಿಕಿತ್ಸೆಯಿಂದ ಆಟಿಸಂ ಗುಣವಾಗುತ್ತದೆ ಎಂದು ಹೇಳಿ ಹಣ ಕೀಳುವವರು ಹುಟ್ಟಿಕೊಂಡಿದ್ದಾರೆ, ನಂಬಬೇಡಿ. ಆಟಿಸಂ ಗುಣವಾಗಬೇಕಾದ ಕಾಯಿಲೆಯೇ ಅಲ್ಲ. ಅಧ್ಯಯನಗಳು ಹೇಳುವುದು ಬಹಳ ಕಡಿಮೆ, ಆದರೂ ಉಪಯುಕ್ತ. 2010ರಲ್ಲಿ ಪ್ರಕಟವಾದ ತೈವಾನಿನ ಒಂದು ಅಧ್ಯಯನದಲ್ಲಿ ಆಟಿಸಂ ಇರುವ 16 ಹುಡುಗರಿಗೆ ತಲಾ ಹತ್ತು ವಾರ ಈಜಿನ ತರಬೇತಿ ಕೊಟ್ಟಾಗ ಅವರ ಈಜುಗಾರಿಕೆ ಸುಧಾರಿಸಿತು, ಇತರರೊಂದಿಗಿನ ಕೆಲವು ತೊಡಕಿನ ವರ್ತನೆಗಳೂ ಕಡಿಮೆಯಾದವು. ಹದಿನಾರು ಮಂದಿ ಎಂದರೆ ನಮ್ಮ ಒಂದು ಹಾಕಿ ತಂಡದ ಲೆಕ್ಕ, ಅದರ ಮೇಲೆ ಅರಮನೆ ಕಟ್ಟಬಾರದು. ಲಂಡನ್ನಿನಲ್ಲಿ 1949ರಲ್ಲಿ ಜೇಮ್ಸ್ ಮ್ಯಾಕ್‌ಮಿಲನ್ ಎಂಬ ಎಂಜಿನಿಯರ್ ಅಂಗವೈಕಲ್ಯವಿರುವ ಹುಡುಗಿಯರ ಶಾಲೆಯೊಂದರಲ್ಲಿ ಆರಂಭಿಸಿದ ಹ್ಯಾಲಿವಿಕ್ ಎಂಬ ಕ್ರಮ, ಫ್ಲೋಟ್ ಕಟ್ಟದೆ, ಒಬ್ಬ ಮಗುವಿಗೆ ಒಬ್ಬ ಜೊತೆಗಾರರಂತೆ ನಿಂತು, ಮೊದಲು ನೀರಿಗೆ ಒಗ್ಗಿಸಿ, ಆಮೇಲೆ ಮೈಯನ್ನು ತಿರುಗಿಸುವುದನ್ನು ಕಲಿಸಿ, ಈಜನ್ನು ಕಟ್ಟಕಡೆಗೆ ಇಡುತ್ತದೆ. ನನ್ನ ಬಾಳೆದಿಂಡಿನ ಕ್ರಮಕ್ಕೆ ಪೂರ್ತಿ ತಿರುಗುಮುರುಗು.

ಮುಂಬೈಯ ಜಿಯಾ ರಾಯ್ ಎಂಬ, ಆಟಿಸಂ ಇರುವ ಹುಡುಗಿ 2022ರ ಮಾರ್ಚ್ 20ರಂದು ಶ್ರೀಲಂಕಾದ ತಲೈಮನ್ನಾರ್‌ನಿಂದ ಧನುಷ್ಕೋಡಿಯ ಸಮೀಪದವರೆಗೆ 29 ಕಿಲೋಮೀಟರ್ ಪಾಕ್ ಜಲಸಂಧಿಯನ್ನು 13 ಗಂಟೆ 10 ನಿಮಿಷದಲ್ಲಿ ಈಜಿ ದಾಟಿದ್ದನ್ನೂ, 2024ರ ಜುಲೈಯಲ್ಲಿ ಇಂಗ್ಲಿಷ್ ಕಾಲುವೆ ದಾಟಿದ್ದನ್ನೂ ಓದಿ ನಾನು ಕಣ್ಣೊರೆಸಿಕೊಂಡವನೇ. ಆದರೆ ಆ ಸುದ್ದಿಯ ಕತ್ತರಿಕೆಯನ್ನು ವಾಟ್ಸ್ಆ್ಯಪಿನಲ್ಲಿ ಕಳುಹಿಸಿ, ನಿಮ್ಮ ಹುಡುಗನೂ ಹೀಗಾಗಬಹುದು ಎಂದು ಬರೆಯುವ ಬಂಧುಗಳಲ್ಲಿ ನನ್ನದೊಂದು ವಿನಂತಿ. ನನ್ನ ಮೊಮ್ಮಗ ಐದು ಕ್ಲಿಪ್ಪಿನ ಈಜುಗಾರ. ಎಲ್ಲ ಆಟಿಸಂ ಮಕ್ಕಳಿಗೂ ನೀರು ಇಷ್ಟ ಎಂಬುದೂ ಸುಳ್ಳು. ಮುಖಕ್ಕೆ ಒಂದು ಹನಿ ಸಿಡಿದರೆ ನಡುಗುವ ಮಕ್ಕಳಿದ್ದಾರೆ, ಅವರನ್ನು ನೂಕಬೇಡಿ.

ಈಜು ಬಂದರೆ ಅಪಾಯ ತಪ್ಪಿತು ಎಂದು ತಿಳಿಯುವುದೂ ತಪ್ಪು. ಸ್ವಲ್ಪ ಈಜು ಬಂದ ಮಗು ಮೊದಲಿಗಿಂತ ಧೈರ್ಯವಾಗಿ ಕೆರೆಗೆ ಹೋಗಬಹುದು. ತೋಳಿಗೆ ಹಾಕುವ ಗಾಳಿಚೀಲಗಳನ್ನು ನಾನು ಈ ಕಾರಣಕ್ಕೇ ಬಳಸುವುದಿಲ್ಲ: ಅವು ಮಗುವನ್ನು ನೀರಿನಲ್ಲಿ ನೆಟ್ಟಗೆ ನಿಲ್ಲಿಸಿ, ನೀರು ತನ್ನನ್ನು ಯಾವಾಗಲೂ ಎತ್ತಿಹಿಡಿಯುತ್ತದೆ ಎಂಬ ನಂಬಿಕೆ ಹುಟ್ಟಿಸುತ್ತವೆ. ಮೊಮ್ಮಗನಿಗೆ ಮೊದಲು ಕಲಿಸಿದ್ದು ಹಗ್ಗದ ಹತ್ತಿರ ನಿಂತು, ನಾನು ತಲೆಯಾಡಿಸುವ ತನಕ ಕಾಯುವುದು. ಎರಡನೆಯದು, ಅಂಗಿ ಚಡ್ಡಿ ಸಮೇತ ನೀರಿಗೆ ಬಿದ್ದರೆ ತಿರುಗಿ ಅಂಚು ಹಿಡಿಯುವುದು. ಕೈಬೀಸು, ಕಾಲುಬಡಿತ ಎಲ್ಲ ಆಮೇಲೆ. ಮೂರ್ಛೆರೋಗ ಆಟಿಸಂ ಇರುವವರಲ್ಲಿ ಇತರರಿಗಿಂತ ಹೆಚ್ಚಾಗಿ ಕಂಡುಬರುತ್ತದೆ. ಅಂಥ ಮಕ್ಕಳಿದ್ದರೆ ವೈದ್ಯರನ್ನು ಕೇಳದೆ ನೀರಿಗಿಳಿಸಬಾರದು, ತರಬೇತುದಾರರಿಂದ ಮುಚ್ಚಿಡಲೂಬಾರದು.

ಇನ್ನು ನನ್ನ ಬೇಡಿಕೆಗಳು. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ ಪ್ರಕಾರ ಆಟಿಸಂ ಇಪ್ಪತ್ತೊಂದು ಬಗೆಯ ವೈಕಲ್ಯಗಳಲ್ಲಿ ಒಂದು. ಆ ಕಾಯ್ದೆಯ 30ನೆಯ ಸೆಕ್ಷನ್ ಕ್ರೀಡಾ ಚಟುವಟಿಕೆಗಳಲ್ಲಿ ಇಂಥವರು ಪಾಲ್ಗೊಳ್ಳುವಂತೆ ಸರ್ಕಾರ ಕ್ರಮ ಕೈಗೊಳ್ಳಬೇಕು, ಕ್ರೀಡಾ ಸೌಲಭ್ಯಗಳನ್ನು ಅದಕ್ಕೆ ತಕ್ಕಂತೆ ಮಾರ್ಪಡಿಸಬೇಕು ಎನ್ನುತ್ತದೆ. ಆದ್ದರಿಂದ ನಾನು ಕೇಳುತ್ತಿರುವುದು ಯಾರ ದಯೆಯನ್ನೂ ಅಲ್ಲ. ವಾರಕ್ಕೊಂದು ದಿನ, ಜನ ಕಡಿಮೆ ಇರುವ ಬೆಳಗ್ಗೆ, ಒಂದು ಗಂಟೆ ವಿಸಿಲ್ ಇಲ್ಲದ, ಹಾಡು ಹಾಕದ, ಹತ್ತು ಜನಕ್ಕಿಂತ ಹೆಚ್ಚು ಇಳಿಯದ ಸಮಯವನ್ನು ಈಜುಕೊಳ ನಡೆಸುವವರು ಗೊತ್ತುಮಾಡಲಿ. ಟೋಪಿಯ ನಿಯಮ ಇರಲಿ, ಬಟ್ಟೆಯ ಟೋಪಿಯೂ ಟೋಪಿಯೇ ಎಂದು ಒಪ್ಪಿಕೊಳ್ಳಲಿ. ತರಬೇತುದಾರರಿಗೆ ಆಕ್ಯುಪೇಷನಲ್ ಥೆರಪಿಸ್ಟ್ ಒಬ್ಬರಿಂದ ಎರಡು ದಿನದ ಪಾಠ ಹೇಳಿಸುವುದು ಕ್ರೀಡಾ ಇಲಾಖೆಗೆ ದೊಡ್ಡ ಖರ್ಚಲ್ಲ. ಮಡಿಕೇರಿಯಿಂದ ಮೈಸೂರಿಗೆ ಇರುವುದು ಸುಮಾರು 120 ಕಿಲೋಮೀಟರ್, ನಾವು ಮಗುವನ್ನು ಹೊತ್ತು ವರ್ಷಗಟ್ಟಲೆ ಓಡಾಡಿದ ದಾರಿ ಅದು. ಮಳೆಗಾಲದಲ್ಲಿ ಅತಿಥಿಗಳಿಲ್ಲದೆ ಖಾಲಿ ಬಿದ್ದಿರುವ ರೆಸಾರ್ಟುಗಳ ಬೆಚ್ಚಗಿನ ಕೊಳಗಳಿವೆ. ಮಂಗಳವಾರವೋ ಬುಧವಾರವೋ ಒಂದು ಗಂಟೆ ಬಿಟ್ಟುಕೊಟ್ಟರೆ ಅವರಿಗೆ ನಷ್ಟವೇನೂ ಇಲ್ಲ.

ತೋಟದ ಮಾಲೀಕರಲ್ಲಿ, ನಾನೂ ಒಬ್ಬ ಸಣ್ಣ ಬೆಳೆಗಾರನಾಗಿ, ಕೇಳಿಕೊಳ್ಳುವುದು ಬೇಲಿಯನ್ನು. ಕೃಷಿಹೊಂಡಕ್ಕೆ ಸಹಾಯಧನ ಕೊಡುವ ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡದ ಜೊತೆಗೆ ತಂತಿಬೇಲಿಯನ್ನೂ ಸೇರಿಸಲಾಗಿದೆ ಎಂದರೆ ಅದರ ಅಗತ್ಯ ಸರ್ಕಾರಕ್ಕೂ ತಿಳಿದಿದೆ ಎಂದಾಯಿತು. ಯೋಜನೆ ಸಿಗಲಿ ಬಿಡಲಿ, ಮೋಟಾರ್ ಶೆಡ್ಡಿನ ಕಡೆಗಾದರೂ ಒಂದು ಗೇಟು, ಅದಕ್ಕೆ ಮಗುವಿನ ಕೈಗೆಟುಕದ ಎತ್ತರದಲ್ಲಿ ಚಿಲಕ, ಹಾಳೆ ಹಾಸಿದ ಹೊಂಡಕ್ಕೆ ನಾಲ್ಕೂ ಕಡೆ ಗಂಟು ಹಾಕಿದ ಹಗ್ಗ ಇಳಿಬಿಡುವುದು ಒಂದು ದಿನದ ಕೆಲಸ. ತೋಟದ ಕಾರ್ಮಿಕರು ವಾಸಿಸುವ ಲೈನ್ ಮನೆಗಳ ಮಕ್ಕಳಲ್ಲಿಯೂ ಆಟಿಸಂ ಇರುವವರಿದ್ದಾರೆ, ಅವರ ತಂದೆತಾಯಂದಿರಿಗೆ ಮೈಸೂರಿಗೆ ಹೋಗಿ ಅದರ ಹೆಸರು ಕೇಳಿ ಬರುವ ಅನುಕೂಲವೂ ಇಲ್ಲ. ಪೊಲೀಸರಲ್ಲಿ ಒಂದೇ ಕೋರಿಕೆ: ಇಂಥ ಮಗು ಕಾಣೆಯಾಗಿದೆ ಎಂದು 112ಕ್ಕೆ ಕರೆ ಬಂದರೆ, ಬಸ್ ನಿಲ್ದಾಣಕ್ಕಿಂತ ಮೊದಲು ಹತ್ತಿರದ ನೀರನ್ನು ನೋಡಿ. ನಾವು ಕಣ, ಕೊಟ್ಟಿಗೆ, ರಸ್ತೆ ಎಂದು ಹುಡುಕಿ ಕಳೆದ ಆ ನಿಮಿಷಗಳನ್ನು ಇನ್ನೊಂದು ಮನೆಯವರು ಕಳೆಯಬಾರದು.

ನಮ್ಮ ಕೆರೆಗೆ ಈಗ ಬೇಲಿ ಇದೆ. ಸಿಲ್ವರ್ ಓಕಿನ ಕಂಬ, ಐದಡಿ ಎತ್ತರದ ಜಾಲರಿ. ಹುಡುಗ ಕೆಲವು ಸಂಜೆ ಆ ಜಾಲರಿಗೆ ಹಣೆಯೊತ್ತಿ ನಿಂತು ಒಳಗಿನ ನೀರನ್ನು ನೋಡುತ್ತಾನೆ. ಆಮೇಲೆ ನನ್ನ ಕೈ ಹಿಡಿದು ಜೀಪಿನ ಕಡೆಗೆ ಎಳೆಯುತ್ತಾನೆ. ಹೋಂಸ್ಟೇಗೆ ಹೋಗೋಣ ಎಂದು ಅರ್ಥ. ಅಲ್ಲಿ ಈಗ ಅತಿಥಿಗಳ ಕಾಲ, ಜೂನ್ ತನಕ ಕೊಳ ಸಿಗುವುದಿಲ್ಲ ಎಂಬುದನ್ನು ಅವನಿಗೆ ತಿಳಿಸಲು ನನ್ನ ಬಳಿ ಯಾವ ಕ್ಲಿಪ್ಪೂ ಇಲ್ಲ. ಈ ಬೇಸಿಗೆಯಲ್ಲಿ ಅಂಥ ಒಂದು ಗಂಟೆ ಕೊಡಲು ಜಿಲ್ಲೆಯ ಯಾವುದಾದರೂ ಕೊಳದವರು ಮುಂದಾದರೆ, ನೀರಿನಲ್ಲಿ ಮಕ್ಕಳ ಜೊತೆ ನಿಲ್ಲಲು ಸಂಬಳವಿಲ್ಲದೆ ನಾನು ಬರುತ್ತೇನೆ. ನಿವೃತ್ತರಾದ ಇನ್ನಿಬ್ಬರು ದೈಹಿಕ ಶಿಕ್ಷಕರನ್ನು ಕೇಳಿದ್ದೇನೆ, ಅವರೂ ಒಪ್ಪಿದ್ದಾರೆ. ಕೊಳದವರು ಪತ್ರಿಕೆಯ ಕಚೇರಿಗೆ ತಿಳಿಸಿದರೆ ಸಾಕು, ಚೊಂಬು ನಾನೇ ತರುತ್ತೇನೆ.

ಇತಿ,
ನಿವೃತ್ತ ದೈಹಿಕ ಶಿಕ್ಷಕ,
ಮಡಿಕೇರಿ ತಾಲ್ಲೂಕು